ಓದುಗರ ಪ್ರಶ್ನೆಗೆ ಉತ್ತರ: ಸರಿಯಾಗಿ ನಡೆಯುತ್ತಿರುವ ಕಂಪ್ಯೂಟರಿಗೆ ಹೊಸ ವಿಂಡೋಸ್ ಏಕೆ?

ಪ್ರಶ್ನೆ: ಕಲಬುರಗಿಯ ಸೂಪರ್ ಮಾರ್ಕೆಟ್ ಹತ್ತಿರ ನನ್ನದೊಂದು ಝೆರಾಕ್ಸ್ ಅಂಗಡಿ ಇದೆ, ಆನ್‌ಲೈನ್ ಅರ್ಜಿಗಳನ್ನೂ ತುಂಬಿಕೊಡುತ್ತೇನೆ. ಒಂದು ಕಂಪ್ಯೂಟರಿನಲ್ಲಿ ವಿಂಡೋಸ್ 7, ಇನ್ನೊಂದರಲ್ಲಿ ವಿಂಡೋಸ್ 10 ಇದೆ. ಎರಡೂ ತಕರಾರಿಲ್ಲದೆ ನಡೆಯುತ್ತಿವೆ, ಆಂಟಿವೈರಸ್‌ಗೆ ಪ್ರತಿ ವರ್ಷ ಹಣ ಕಟ್ಟುತ್ತೇನೆ. ಆದರೂ ವಿಂಡೋಸ್ 11ಕ್ಕೆ ಹೋಗಲೇಬೇಕು ಎನ್ನುತ್ತಾರೆ. ನಡೆಯುತ್ತಿರುವುದನ್ನು ಏಕೆ ಬದಲಿಸಬೇಕು?

ಉತ್ತರ: ನಿಮ್ಮ ಪ್ರಶ್ನೆ ನ್ಯಾಯವಾದದ್ದು. ಹೊಸ ನೋಟ, ಹೊಸ ಸೌಲಭ್ಯಗಳಷ್ಟೇ ಆಗಿದ್ದರೆ ನಾನೂ ಬದಲಿಸಬೇಡಿ ಎಂದೇ ಹೇಳುತ್ತಿದ್ದೆ. ಇಲ್ಲಿರುವುದು ದುರಸ್ತಿಯ ಪ್ರಶ್ನೆ. ವಿಂಡೋಸ್‌ನಂಥ ದೊಡ್ಡ ತಂತ್ರಾಂಶದಲ್ಲಿ ದೋಷಗಳು ಪ್ರತಿ ತಿಂಗಳೂ ಪತ್ತೆಯಾಗುತ್ತಲೇ ಇರುತ್ತವೆ. ಅವುಗಳನ್ನು ಮುಚ್ಚುವ ಅಪ್‌ಡೇಟ್‌ಗಳನ್ನು ಮೈಕ್ರೋಸಾಫ್ಟ್ ಸಾಮಾನ್ಯವಾಗಿ ತಿಂಗಳ ಎರಡನೆಯ ಮಂಗಳವಾರ ಬಿಡುಗಡೆ ಮಾಡುತ್ತದೆ. ವಿಂಡೋಸ್ 7ಕ್ಕೆ ಈ ದುರಸ್ತಿ 2020ರ ಜನವರಿ 14ರಂದು ನಿಂತಿತು, ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ರಂದು ನಿಂತಿತು (ಮನೆಬಳಕೆಯ ಯಂತ್ರಗಳಿಗಿದ್ದ ವಿಸ್ತರಣೆಯನ್ನು ಕೊನೆಯ ಉತ್ತರದಲ್ಲಿ ಹೇಳಿದ್ದೇನೆ). ಆ ದಿನ ನಿಮ್ಮ ಯಂತ್ರದಲ್ಲಿ ಏನೂ ಬದಲಾಗಲಿಲ್ಲ, ಮರುದಿನವೂ ಅದು ಹಿಂದಿನಂತೆಯೇ ನಡೆಯಿತು. ಜನ ಮೋಸಹೋಗುವುದು ಇಲ್ಲಿಯೇ.

ದುರಸ್ತಿ ನಿಂತ ಮೇಲೆ ಅಪಾಯವು ಇದ್ದಷ್ಟೇ ಇರುವುದಿಲ್ಲ, ತಿಂಗಳಿಂದ ತಿಂಗಳಿಗೆ ಹೆಚ್ಚುತ್ತದೆ. ವಿಂಡೋಸ್ 11ಕ್ಕೆ ಅಪ್‌ಡೇಟ್ ಬಂದ ಕೂಡಲೇ ದುರುದ್ದೇಶದವರು ಅಪ್‌ಡೇಟ್‌ಗೆ ಮುಂಚಿನ ಮತ್ತು ಅನಂತರದ ಕಡತಗಳನ್ನು ಹೋಲಿಸಿ, ಎಲ್ಲಿ ತೇಪೆ ಹಾಕಲಾಗಿದೆ ಎಂದು ನೋಡುತ್ತಾರೆ. ತೇಪೆ ಬಿದ್ದ ಕಡೆ ತೂತು ಇತ್ತು ಎಂದೇ ಅರ್ಥ. ಹಳೆಯ ವಿಂಡೋಸಿನ ಬಹಳಷ್ಟು ಭಾಗ ಹೊಸದರಲ್ಲಿಯೂ ಮುಂದುವರಿದಿರುವುದರಿಂದ, ಅದೇ ತೂತು ನಿಮ್ಮ ಯಂತ್ರದಲ್ಲಿಯೂ ಇರುವ ಸಾಧ್ಯತೆ ಹೆಚ್ಚು, ಮತ್ತು ಅಲ್ಲಿ ಅದನ್ನು ಮುಚ್ಚುವವರು ಯಾರೂ ಇಲ್ಲ.

ಇದು ಬರಿಯ ಊಹೆಯಲ್ಲ. 2017ರ ಮೇ ತಿಂಗಳಲ್ಲಿ ವಾನಾಕ್ರೈ ಎಂಬ ಕುತಂತ್ರಾಂಶವು ಸುಮಾರು 150 ದೇಶಗಳಲ್ಲಿ 2 ಲಕ್ಷಕ್ಕೂ ಹೆಚ್ಚು ಕಂಪ್ಯೂಟರುಗಳ ಕಡತಗಳಿಗೆ ಬೀಗ ಹಾಕಿ, ಬಿಡಿಸಲು ಹಣ ಕೇಳಿತು; ಬ್ರಿಟನ್ನಿನ ಸರಕಾರಿ ಆಸ್ಪತ್ರೆಗಳಲ್ಲಿ ರೋಗಿಗಳನ್ನು ಬೇರೆಡೆಗೆ ಕಳುಹಿಸಬೇಕಾಯಿತು. ಅದು ಬಳಸಿದ ದೋಷಕ್ಕೆ ಆ ವರ್ಷದ ಮಾರ್ಚ್ 14ರಂದೇ ಅಪ್‌ಡೇಟ್ ಬಂದಿತ್ತು. ಹಾನಿಗೊಳಗಾದವುಗಳಲ್ಲಿ ಹೆಚ್ಚಿನವು, ಎರಡು ತಿಂಗಳು ಕಳೆದರೂ ಆ ಅಪ್‌ಡೇಟ್ ಹಾಕಿಕೊಳ್ಳದೆ ಉಳಿದಿದ್ದ ವಿಂಡೋಸ್ 7 ಯಂತ್ರಗಳು. ಅಪ್‌ಡೇಟ್ ಇದ್ದೂ ಹಾಕಿಕೊಳ್ಳದವರ ಪಾಡು ಹೀಗಾದರೆ, ಅಪ್‌ಡೇಟೇ ಬಾರದ ಯಂತ್ರದ ಪಾಡನ್ನು ನೀವೇ ಯೋಚಿಸಿ.

ಆಂಟಿವೈರಸ್ ಇದೆಯಲ್ಲ ಎಂದು ಕೇಳಿದ್ದೀರಿ. ಅದು ಬಾಗಿಲಲ್ಲಿ ಕುಳಿತ ಕಾವಲುಗಾರನಿದ್ದಂತೆ; ಗೋಡೆಯೇ ಬಿರುಕು ಬಿಟ್ಟಿದ್ದರೆ ಅವನೇನು ಮಾಡಿಯಾನು? ಬೇಕು ನಿಜ, ಅದೊಂದೇ ಸಾಲದು.

ಇದಕ್ಕಿಂತಲೂ ನನಗೆ ಮುಖ್ಯವೆನಿಸುವ ಮಾತೊಂದಿದೆ. ಕಳೆದ ಬೇಸಿಗೆಯಲ್ಲಿ ಪಹಣಿಯ ಪ್ರತಿ ತೆಗೆಸಲು ನಿಮ್ಮಂಥದೇ ಒಂದು ಅಂಗಡಿಗೆ ಹೋಗಿದ್ದೆ. ಪ್ರಿಂಟ್ ಕೊಡಲು ಹುಡುಗ ಡೌನ್‌ಲೋಡ್ಸ್ ಫೋಲ್ಡರ್ ತೆರೆದಾಗ, ಪರದೆಯ ತುಂಬ ಬೇರೆಯವರ ಬದುಕೇ ಸಾಲುಗಟ್ಟಿ ನಿಂತಂತಿತ್ತು: ಆಧಾರ್ ಕಾರ್ಡುಗಳು, ಎಸ್ಸೆಸ್ಸೆಲ್ಸಿ ಅಂಕಪಟ್ಟಿಗಳು, ಜಾತಿ ಮತ್ತು ಆದಾಯ ಪ್ರಮಾಣಪತ್ರಗಳು, ಕಲ್ಯಾಣ ಕರ್ನಾಟಕದವರ ಮೀಸಲಾತಿಗೆ ಬೇಕಾದ 371ಜೆ ಅರ್ಹತಾ ಪತ್ರಗಳು, ಬ್ಯಾಂಕ್ ಪಾಸ್‌ಬುಕ್ಕಿನ ಮೊದಲ ಪುಟಗಳು, ಹೆಬ್ಬೆಟ್ಟಿನ ಗುರುತುಳ್ಳ ಒಂದು ಒಪ್ಪಿಗೆ ಪತ್ರ. ಆ ಕಂಪ್ಯೂಟರಿನಲ್ಲಿಯೂ ವಿಂಡೋಸ್ 7 ಇತ್ತು. ಆಳಂದದಿಂದಲೋ ಚಿತ್ತಾಪುರದಿಂದಲೋ ಬಸ್ಸಿಗೆ ಬಂದು ಅರ್ಜಿ ತುಂಬಿಸಿಕೊಂಡು ಹೋದ ವಿದ್ಯಾರ್ಥಿಗೆ ತನ್ನ ಕಾಗದಗಳು ಅಲ್ಲಿಯೇ ಉಳಿದಿವೆ ಎಂಬುದೇ ಗೊತ್ತಿರುವುದಿಲ್ಲ. ನಿಮ್ಮ ಯಂತ್ರ ನಿಮ್ಮದೊಬ್ಬರದೇ ಆಗಿದ್ದರೆ ನಷ್ಟದ ಲೆಕ್ಕ ನಿಮಗೇ ಬಿಟ್ಟದ್ದು. ಊರಿನವರೆಲ್ಲರ ಗುರುತಿನ ಚೀಟಿಗಳನ್ನು ಇಟ್ಟುಕೊಂಡ ಯಂತ್ರಕ್ಕೆ ಆ ಸ್ವಾತಂತ್ರ್ಯವಿಲ್ಲ ಎಂದು ನಾನು ನಂಬುತ್ತೇನೆ. ಕೆಲಸ ಮುಗಿದೊಡನೆ ಗಿರಾಕಿಯ ಕಡತಗಳನ್ನು ಅಳಿಸಿ, ರೀಸೈಕಲ್ ಬಿನ್ ಅನ್ನೂ ಖಾಲಿ ಮಾಡುವ ರೂಢಿಯನ್ನು ಇಂದಿನಿಂದಲೇ ಇಟ್ಟುಕೊಳ್ಳಿ.

ದಿನದ ಕೆಲಸದಲ್ಲಿಯೂ ತೊಡಕು ಶುರುವಾಗಿರಬೇಕು. ಗೂಗಲ್ ಕ್ರೋಮ್ ಬ್ರೌಸರಿನ 109ನೆಯ ಆವೃತ್ತಿಯೇ ವಿಂಡೋಸ್ 7ಕ್ಕೆ ಕೊನೆಯದು; 2023ರ ಫೆಬ್ರವರಿಯಲ್ಲಿ ಬಂದ 110ರಿಂದ ಮುಂದಿನವು ಅದರಲ್ಲಿ ನಡೆಯುವುದಿಲ್ಲ. ಅರ್ಜಿಯ ಪುಟ ಅರ್ಧಕ್ಕೇ ನಿಂತಾಗ ನಾವು ‘ಸರ್ವರ್ ಡೌನ್’ ಎಂದು ಗಿರಾಕಿಯನ್ನು ನಾಳೆ ಬರಹೇಳುತ್ತೇವೆ. ಕೆಲವು ಸಲ ತಪ್ಪು ಸರ್ವರಿನದಲ್ಲ, ನಮ್ಮ ಹಳೆಯ ಬ್ರೌಸರಿನದು.

ವಿಂಡೋಸ್ 10 ಇರುವ ಯಂತ್ರ ತಕ್ಕುದಾಗಿದ್ದರೆ ವಿಂಡೋಸ್ 11ಕ್ಕೆ ಏರಲು ಹಣ ಕೊಡಬೇಕಿಲ್ಲ. 64 ಬಿಟ್ ಪ್ರೊಸೆಸರ್, 4 ಜಿಬಿ ರ‍್ಯಾಮ್, 64 ಜಿಬಿ ಜಾಗ, ಸೆಕ್ಯೂರ್ ಬೂಟ್ (ಯಂತ್ರ ಶುರುವಾಗುವಾಗ ನಂಬಲರ್ಹ ತಂತ್ರಾಂಶವನ್ನಷ್ಟೇ ನಡೆಯಗೊಡುವ ವ್ಯವಸ್ಥೆ) ಮತ್ತು ಟಿಪಿಎಂ 2.0 (ಗುಪ್ತ ಕೀಲಿಗಳನ್ನು ಕಾಯ್ದಿಡುವ ಭದ್ರತಾ ಭಾಗ) ಬೇಕು. ಇಂಟೆಲ್ ಆದರೆ ಸ್ಥೂಲವಾಗಿ 8ನೆಯ ತಲೆಮಾರು ಅಥವಾ ಅದಕ್ಕಿಂತ ಹೊಸದಾಗಿರಬೇಕು. ಮೈಕ್ರೋಸಾಫ್ಟ್‌ನ ಪಿಸಿ ಹೆಲ್ತ್ ಚೆಕ್ ಎಂಬ ಉಚಿತ ತಂತ್ರಾಂಶ ಇದನ್ನೆಲ್ಲ ನೋಡಿ ಹೇಳುತ್ತದೆ. ಟಿಪಿಎಂ ಇಲ್ಲ ಎಂದು ಬಂದರೆ ಕೂಡಲೇ ನಿರಾಶರಾಗಬೇಡಿ. ಹಲವು ಯಂತ್ರಗಳಲ್ಲಿ ಅದು ಇದ್ದೂ, ಯಂತ್ರ ಶುರುವಾಗುವಾಗ ತೆರೆಯುವ ಮೂಲ ಸೆಟ್ಟಿಂಗ್ಸ್ ಆದ ಬಯೋಸ್‌ನಲ್ಲಿ ಆಫ್ ಆಗಿರುತ್ತದೆ, ಇಂಟೆಲ್ ಯಂತ್ರಗಳಲ್ಲಿ ಅದರ ಹೆಸರು ಪಿಟಿಟಿ ಎಂದಿರುತ್ತದೆ. ವಿಂಡೋಸ್ 7ರಿಂದ ನೇರವಾಗಿ ಏರಲು ಬರುವುದಿಲ್ಲ, ಎಲ್ಲವನ್ನೂ ಅಳಿಸಿ ಹೊಸದಾಗಿ ಹಾಕಬೇಕು. ಆದ್ದರಿಂದ ಮೊದಲು ಕಡತಗಳನ್ನು ಹೊರಗಿನ ಹಾರ್ಡ್ ಡಿಸ್ಕಿಗೆ ತೆಗೆದಿಡಿ, ಮತ್ತು ನೀವು ಬಳಸುವ ನುಡಿ, ಬರಹ ಎಂಬ ಕನ್ನಡ ಟೈಪಿಂಗ್ ತಂತ್ರಾಂಶಗಳ ಹಳೆಯ ಫಾಂಟುಗಳನ್ನು ಮರೆಯದೆ ಜೊತೆಗಿಡಿ. ಆ ಫಾಂಟುಗಳಿಲ್ಲದೆ ಹಳೆಯ ಕನ್ನಡ ಕಡತ ತೆರೆದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಷ್ಟೇ ಕಾಣುತ್ತವೆ. ಹೊಸ ವಿಂಡೋಸಿನಲ್ಲಿ ಯೂನಿಕೋಡ್ (ಎಲ್ಲ ಕಂಪ್ಯೂಟರುಗಳೂ ಒಂದೇ ರೀತಿ ಓದುವ ಅಕ್ಷರ ಸಂಕೇತ) ಕನ್ನಡದ ಫಾಂಟು, ಕೀಲಿಮಣೆ ಎರಡೂ ಇರುವುದರಿಂದ, ಇನ್ನು ಮುಂದಿನ ಬರವಣಿಗೆಯನ್ನಾದರೂ ಯೂನಿಕೋಡಿನಲ್ಲಿಯೇ ಮಾಡಿ.

ಪ್ರಶ್ನೆ: ಬೀದರ್ ಜಿಲ್ಲೆಯ ನಮ್ಮ ಶಾಲೆಗೆ ದಾನಿಗಳು ಕೊಟ್ಟ ಕಂಪ್ಯೂಟರುಗಳು 2014ರವು. ವಿಂಡೋಸ್ 11 ಇವುಗಳಲ್ಲಿ ನಡೆಯುವುದಿಲ್ಲವಂತೆ. ಗುಜರಿಗೆ ಹಾಕಬೇಕೆ?

ಉತ್ತರ: ಖಂಡಿತ ಬೇಡ. ಅವುಗಳಿಗೆ ವಿಂಡೋಸ್ ಬದಲಿಗೆ ಲಿನಕ್ಸ್ ಎಂಬ ಕಾರ್ಯಾಚರಣಾ ವ್ಯವಸ್ಥೆಯ ಬಗೆಗಳಾದ ಲಿನಕ್ಸ್ ಮಿಂಟ್ ಅಥವಾ ಉಬುಂಟು ಹಾಕಿಸಿ. ಎರಡೂ ಉಚಿತ, 2024ರ ಏಪ್ರಿಲಿನಲ್ಲಿ ಬಂದ ಉಬುಂಟು 24.04ಕ್ಕೆ ಐದು ವರ್ಷಗಳ ಅಪ್‌ಡೇಟ್ ಇದೆ. ಅವುಗಳಲ್ಲಿ ನಡೆಯುವ ಲಿಬ್ರೆ ಆಫೀಸ್ ಎಂಬ ಉಚಿತ ಕಚೇರಿ ತಂತ್ರಾಂಶದಲ್ಲಿ ಮಕ್ಕಳು ಕನ್ನಡದಲ್ಲಿ ಟೈಪ್ ಮಾಡುವುದನ್ನೂ ಲೆಕ್ಕದ ಹಾಳೆ ಮಾಡುವುದನ್ನೂ ಚೆನ್ನಾಗಿಯೇ ಕಲಿಯಬಲ್ಲರು. ರ‍್ಯಾಮ್ 2 ಜಿಬಿ ಮಾತ್ರ ಇದ್ದರೆ 4ಕ್ಕೆ ಏರಿಸಿ, ಹಾರ್ಡ್ ಡಿಸ್ಕಿನ ಜಾಗದಲ್ಲಿ ಅದಕ್ಕಿಂತ ವೇಗದ ಸಂಗ್ರಹ ಸಾಧನವಾದ ಎಸ್‌ಎಸ್‌ಡಿ ಕೂರಿಸಿ. ವೇಗದ ವ್ಯತ್ಯಾಸ ಮೊದಲ ದಿನವೇ ತಿಳಿಯುತ್ತದೆ. ಒಂದು ಪೆನ್ ಡ್ರೈವಿನಿಂದ, ಏನನ್ನೂ ಅಳಿಸದೆ, ಲಿನಕ್ಸನ್ನು ನಡೆಸಿ ನೋಡಲು ಬರುತ್ತದೆ. ಪ್ರಿಂಟರ್ ಕೆಲಸ ಮಾಡುತ್ತದೆಯೇ ಎಂಬುದನ್ನು ಹಾಗೆಯೇ ಪರೀಕ್ಷಿಸಿ, ಅನಂತರ ನಿರ್ಧರಿಸಿ.

ಪ್ರಶ್ನೆ: ಯಾದಗಿರಿಯಲ್ಲಿ ಮೆಕ್ಯಾನಿಕ್ ಒಬ್ಬರು ಐನೂರು ರೂಪಾಯಿಗೆ ವಿಂಡೋಸ್ 11 ಹಾಕಿಕೊಡುತ್ತೇನೆ, ಯಂತ್ರ ಹಳೆಯದಾದರೂ ನಡೆಯುತ್ತದೆ ಎನ್ನುತ್ತಾರೆ. ಹಾಕಿಸಬಹುದೆ?

ಉತ್ತರ: ಹಾಕಿಸಬೇಡಿ. ಅರ್ಹವಲ್ಲದ ಯಂತ್ರದಲ್ಲಿ ಅಡ್ಡದಾರಿಯಿಂದ ವಿಂಡೋಸ್ 11 ಹಾಕಲು ಸಾಧ್ಯವಿದೆ, ಆದರೆ ಅಂಥ ಯಂತ್ರಕ್ಕೆ ಅಪ್‌ಡೇಟ್ ಕೊಡುವ ಹೊಣೆ ತನ್ನದಲ್ಲ ಎಂದು ಮೈಕ್ರೋಸಾಫ್ಟ್ ಸ್ಪಷ್ಟವಾಗಿ ಹೇಳಿದೆ. ಯಾವುದಕ್ಕಾಗಿ ಬದಲಿಸುತ್ತಿದ್ದೇವೆಯೋ ಅದರ ಖಾತರಿಯೇ ಇಲ್ಲವಾಗುತ್ತದೆ. ಆ ಬೆಲೆಗೆ ಸಿಗುವುದು ಬಹುತೇಕ ಕ್ರ್ಯಾಕ್ ಮಾಡಿದ, ಅಂದರೆ ಪರವಾನಗಿಯ ಬೀಗ ಮುರಿದ ಪ್ರತಿ. ಅದನ್ನು ಹಾಕುವಾಗ ಮೆಕ್ಯಾನಿಕ್ ಮೊದಲು ಮಾಡುವ ಕೆಲಸವೇ ಆಂಟಿವೈರಸ್ ನಿಲ್ಲಿಸುವುದು, ಮತ್ತು ಆ ಹೊತ್ತಿನಲ್ಲಿ ಒಳಗೆ ಏನು ಸೇರಿತು ಎಂದು ಅವರಿಗೂ ಗೊತ್ತಿರುವುದಿಲ್ಲ. ವಿಂಡೋಸ್ 10 ಇರುವ ಮನೆಬಳಕೆಯ ಯಂತ್ರಗಳಿಗೆ ಮೈಕ್ರೋಸಾಫ್ಟ್ 2026ರ ಅಕ್ಟೋಬರ್ 13ರವರೆಗೆ ವಿಸ್ತರಿತ ಭದ್ರತಾ ಅಪ್‌ಡೇಟ್ ಘೋಷಿಸಿತ್ತು. ನಿಮ್ಮ ಯಂತ್ರದಲ್ಲಿ ವಿಂಡೋಸ್ 10ರ 22ಎಚ್2 ಆವೃತ್ತಿ ಇದ್ದರೆ, ಸೆಟ್ಟಿಂಗ್ಸ್‌ನಲ್ಲಿ ವಿಂಡೋಸ್ ಅಪ್‌ಡೇಟ್ ಪುಟ ತೆರೆದು, ನೋಂದಾಯಿಸುವ ಕೊಂಡಿ ಕಾಣುತ್ತದೆಯೇ ಎಂದು ಇಂದೇ ನೋಡಿ.