ಯೂನಿಯನ್ ಚುನಾವಣೆಯಲ್ಲಿ ಪ್ರಚಾರಕ್ಕೆ ನಿಯಮ ಇಲ್ಲ ಅಂತಾರೆ, ಹೌದಾ?

ಪ್ರಶ್ನೆ: ನಮ್ಮ ಕಾರ್ಮಿಕ ಯೂನಿಯನ್‌ನಲ್ಲಿ ಪದಾಧಿಕಾರಿಗಳ ಚುನಾವಣೆ ಹತ್ತಿರ ಬಂದಿದೆ. ನಾನು ಅಧ್ಯಕ್ಷ ಸ್ಥಾನಕ್ಕೆ ನಿಲ್ಲಬೇಕು ಅಂತಿದ್ದೇನೆ. ಈಗಿನ ಅಧ್ಯಕ್ಷರು ಯೂನಿಯನ್ ಪತ್ರಿಕೆ, ವಾಟ್ಸಾಪ್ ಗ್ರೂಪ್ ಎಲ್ಲವನ್ನೂ ತಮ್ಮ ಪ್ರಚಾರಕ್ಕೆ ಬಳಸುತ್ತಿದ್ದಾರೆ. ನನಗೆ ಸದಸ್ಯರ ಪಟ್ಟಿ ಕೂಡ ಕೊಡುತ್ತಿಲ್ಲ. ಕೇಳಿದರೆ "ಪ್ರಚಾರಕ್ಕೆ ನಿಯಮ ಅಂತ ಏನೂ ಇಲ್ಲ" ಅನ್ನುತ್ತಾರೆ. ನ್ಯಾಯವಾದ ನಿಯಮ ಹೇಗಿರಬೇಕು?

ಉತ್ತರ:

ನಿಮ್ಮ ಅಧ್ಯಕ್ಷರು ಹೇಳಿದ್ದು ಅರ್ಧ ನಿಜ. ಎಷ್ಟೋ ಯೂನಿಯನ್‌ಗಳ ಬೈಲಾ ತೆಗೆದು ನೋಡಿ. ನಾಮಪತ್ರ ಯಾವಾಗ ಹಾಕಬೇಕು, ಎಣಿಕೆ ಯಾರು ಮಾಡಬೇಕು ಅಂತ ಇರುತ್ತದೆ. ಪ್ರಚಾರದ ಬಗ್ಗೆ ಒಂದು ಸಾಲೂ ಇರುವುದಿಲ್ಲ. ಭಾರತದ 1926ರ ಟ್ರೇಡ್ ಯೂನಿಯನ್ ಕಾಯ್ದೆಯೂ ಪದಾಧಿಕಾರಿಗಳ ನೇಮಕ ಹೇಗೆ ಅನ್ನುವುದನ್ನು ಆಯಾ ಯೂನಿಯನ್ ಬೈಲಾಗೇ ಬಿಟ್ಟುಬಿಟ್ಟಿತು, ಪ್ರಚಾರದ ಮಾತು ಎತ್ತಲಿಲ್ಲ. ಆದರೆ ಬರೆದಿಲ್ಲ ಅಂದಮಾತ್ರಕ್ಕೆ ಯೂನಿಯನ್ ಪತ್ರಿಕೆ ಅಧ್ಯಕ್ಷರ ಸ್ವಂತದ್ದಾಗುವುದಿಲ್ಲ. ಅದು ಅಚ್ಚಾಗುವುದು ನಿಮ್ಮ ಚಂದಾ ಹಣದಿಂದಲೂ ತಾನೇ?

ನಾನು ಯೂನಿಯನ್ ಚುನಾವಣೆಗಳಲ್ಲಿ ಮೊದಲು ಅಭ್ಯರ್ಥಿಯ ಏಜೆಂಟ್ ಆಗಿ ಕೂತವನು, ಆಮೇಲೆ ಚುನಾವಣಾ ಸಮಿತಿಯಲ್ಲಿ ಕೆಲಸ ಮಾಡಿದವನು. ಭಾಷಣದ ಮೇಲೆ ದೊಡ್ಡ ಜಗಳ ಆಗಿದ್ದನ್ನು ನಾನು ನೋಡಿದ್ದು ಕಡಿಮೆ. ಜಗಳ ಆಗುವುದೆಲ್ಲ ಮೂರು ವಿಷಯಕ್ಕೆ: ಪಟ್ಟಿ, ಪತ್ರಿಕೆ, ದುಡ್ಡು. ಮೂರೂ ಕುರ್ಚಿಯಲ್ಲಿ ಇರುವವರ ಕೈಯಲ್ಲೇ ಇರುತ್ತವೆ. ಹಾಗಾಗಿ ನನ್ನ ಪ್ರಕಾರ ನ್ಯಾಯವಾದ ನಿಯಮದ ತಿರುಳು ಇಷ್ಟೇ. ಯೂನಿಯನ್ ಕಡೆಯಿಂದ ಹಾಲಿ ಅಧ್ಯಕ್ಷರಿಗೆ ಏನು ಸಿಗುತ್ತದೋ ಅದು ಎದುರು ನಿಂತವರಿಗೂ ಅದೇ ಖರ್ಚಿನಲ್ಲಿ ಸಿಗಬೇಕು. ಕೊಡುವುದಕ್ಕೆ ಆಗುವುದಿಲ್ಲ ಅಂದರೆ ಅವರಿಗೂ ಬೇಡ. ಯಾರು ಏನು ಮಾತಾಡಬೇಕು ಅನ್ನುವುದಕ್ಕೆ ನಿಯಮ ಮಾಡಲು ಹೋಗಲೇಬಾರದು.

ಇದು ನನ್ನ ತಲೆಯಿಂದ ಹುಟ್ಟಿದ್ದಲ್ಲ. ಅಮೆರಿಕದಲ್ಲಿ 1959ರಲ್ಲೇ ಇದಕ್ಕೊಂದು ಕಾನೂನು ಬಂತು. ಅಲ್ಲಿನ ಬಹುಪಾಲು ಖಾಸಗಿ ವಲಯದ ಯೂನಿಯನ್‌ಗಳಿಗೆ ಅದು ಅನ್ವಯಿಸುತ್ತದೆ. ಸ್ಥಳೀಯ ಘಟಕಗಳಲ್ಲಿ 3 ವರ್ಷಕ್ಕೊಮ್ಮೆ, ರಾಷ್ಟ್ರೀಯ ಮಟ್ಟದಲ್ಲಿ 5 ವರ್ಷಕ್ಕೊಮ್ಮೆಯಾದರೂ ಚುನಾವಣೆ ಆಗಬೇಕು. ಪ್ರತಿ ಸದಸ್ಯರ ಮನೆ ವಿಳಾಸಕ್ಕೆ ಕನಿಷ್ಠ 15 ದಿನ ಮುಂಚೆ ನೋಟಿಸ್ ಹೋಗಬೇಕು. ಪ್ರತಿ ಅಭ್ಯರ್ಥಿಗೂ ಮತದಾನ, ಎಣಿಕೆ ಎರಡಕ್ಕೂ ಏಜೆಂಟ್ ಇಡುವ ಹಕ್ಕು ಇದೆ. ಇವೆಲ್ಲ ಸರಿ. ಆದರೆ ನಿಮಗೆ ಬೇಕಾದದ್ದು ಅದರಲ್ಲಿರುವ ಪ್ರಚಾರದ ಭಾಗ.

ಮೊದಲು ಪಟ್ಟಿ. ಹೊಸಬರು ಇದನ್ನು ಹಗುರವಾಗಿ ತೆಗೆದುಕೊಳ್ಳುತ್ತಾರೆ. "ಎಲ್ಲರೂ ನನಗೆ ಗೊತ್ತು" ಅಂತಾರೆ. ತಮ್ಮ ಶಿಫ್ಟ್‌ನವರು ಗೊತ್ತಿರುತ್ತಾರೆ, ತಮ್ಮ ವಿಭಾಗದವರು ಗೊತ್ತಿರುತ್ತಾರೆ. ಇನ್ನೊಂದು ಘಟಕದವರು, ರಾತ್ರಿ ಪಾಳಿಯವರು, ರಜೆಯಲ್ಲಿ ಇರುವವರು? ಅವರ ವಿಳಾಸ, ಫೋನ್ ನಂಬರ್ ಇರುವುದು ಯೂನಿಯನ್ ಆಫೀಸಿನ ಕಂಪ್ಯೂಟರ್‌ನಲ್ಲಿ. ಅಧ್ಯಕ್ಷರು ಕೂತಲ್ಲಿಂದಲೇ ಒಂದು ಗುಂಡಿ ಒತ್ತಿ ಅಷ್ಟೂ ಜನರನ್ನು ಮುಟ್ಟುತ್ತಾರೆ. ನೀವು ಗೇಟ್ ಹತ್ತಿರ ಕರಪತ್ರ ಹಿಡಿದು ನಿಂತಿರುತ್ತೀರಿ.

ಅಮೆರಿಕದ ಕಾನೂನು ಇದಕ್ಕೆ ಎರಡು ದಾರಿ ಮಾಡಿದೆ. ಒಂದು, ಕೆಲಸದಲ್ಲಿ ಇರಬೇಕಾದರೆ ಯೂನಿಯನ್ ಸದಸ್ಯತ್ವ ಕಡ್ಡಾಯ ಅಂತ ಮಾಲೀಕರ ಜೊತೆ ಒಪ್ಪಂದ ಇರುವ ಕಡೆ ಆ ಸದಸ್ಯರ ಹೆಸರು, ವಿಳಾಸದ ಪಟ್ಟಿಯನ್ನು ಚುನಾವಣೆಗೆ ಮುಂಚಿನ 30 ದಿನದೊಳಗೆ ಪ್ರತಿ ಅಭ್ಯರ್ಥಿಯೂ ಒಮ್ಮೆ ನೋಡಬಹುದು. ನೋಡಬಹುದು ಅಷ್ಟೇ, ನಕಲು ಮಾಡಿಕೊಳ್ಳುವ ಹಕ್ಕಿಲ್ಲ. ಇದರಿಂದ ಏನು ಲಾಭ ಅನ್ನಿಸಬಹುದು. ಲಾಭ ಇದೆ. ನಿಮ್ಮ ಕೈಯಲ್ಲಿರುವ ಹೆಸರುಗಳ ಜೊತೆ ತಾಳೆ ನೋಡಬಹುದು. ಯಾರ ಹೆಸರು ಬಿಟ್ಟುಹೋಗಿದೆ, ನಿವೃತ್ತರಾದ ಯಾರ ಹೆಸರು ಇನ್ನೂ ಇದೆ, ಯಾರ ವಿಳಾಸ ಹಳೆಯದು, ಎಲ್ಲ ಗೊತ್ತಾಗುತ್ತದೆ. ನಮ್ಮ ಸಮಿತಿ ಹೀಗೆ ಪಟ್ಟಿ ತೋರಿಸಿದಾಗ ಒಬ್ಬ ಅಭ್ಯರ್ಥಿ ಸ್ಕೇಲ್ ಇಟ್ಟುಕೊಂಡು ಸಾಲು ಸಾಲಾಗಿ ಕೆಳಗೆ ಇಳಿಯುತ್ತಾ ಮಧ್ಯಾಹ್ನದವರೆಗೂ ಓದಿದ. ಒಂದು ವಿಭಾಗ ಪೂರ್ತಿ ಹಳೇ ಕ್ವಾರ್ಟರ್ಸ್ ವಿಳಾಸದಲ್ಲೇ ಇತ್ತು, ಅಲ್ಲಿ ಈಗ ಯಾರೂ ವಾಸ ಇಲ್ಲ. ಅವನು ಕೂತು ಓದದಿದ್ದರೆ ಆ ವಿಭಾಗಕ್ಕೆ ನೋಟಿಸೂ ಮುಟ್ಟುತ್ತಿರಲಿಲ್ಲ, ಯಾರ ಕರಪತ್ರವೂ ಮುಟ್ಟುತ್ತಿರಲಿಲ್ಲ.

ಎರಡನೆಯದು ಇನ್ನೂ ಮುಖ್ಯ. ಪಟ್ಟಿ ಕೈಗೆ ಕೊಡದಿದ್ದರೂ, ನಿಮ್ಮ ಖರ್ಚಿನಲ್ಲಿ ನಿಮ್ಮ ಕರಪತ್ರವನ್ನು ಎಲ್ಲ ಸದಸ್ಯರಿಗೂ ಯೂನಿಯನ್ ಕಳುಹಿಸಿಕೊಡಬೇಕು. ಕೋರಿಕೆ ನ್ಯಾಯವಾಗಿದ್ದರೆ ಸಾಕು. ಹಾಲಿ ಪದಾಧಿಕಾರಿಗಳದ್ದನ್ನು ಪುಕ್ಕಟೆ ಕಳುಹಿಸಿದ್ದರೆ ನಿಮ್ಮದನ್ನೂ ಪುಕ್ಕಟೆ ಕಳುಹಿಸಬೇಕು. ಹಡಗಿನ ಅಧಿಕಾರಿಗಳ ಒಂದು ಯೂನಿಯನ್ "ನಾಮನಿರ್ದೇಶನದ ಸಮಾವೇಶ ಮುಗಿಯುವವರೆಗೂ ಯಾರ ಕರಪತ್ರವನ್ನೂ ಕಳುಹಿಸುವುದಿಲ್ಲ, ನಮ್ಮ ನಿಯಮ ಹಾಗಿದೆ" ಅಂದಿತ್ತು. ನಿಯಮ ಎಲ್ಲರಿಗೂ ಒಂದೇ, ತಾರತಮ್ಯ ಎಲ್ಲಿದೆ ಅನ್ನುವುದು ಅವರ ವಾದ. 1991ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಒಪ್ಪಲಿಲ್ಲ. ಯೂನಿಯನ್ ನಿಯಮ ಸರಿಯೋ ತಪ್ಪೋ ಅನ್ನುವುದು ಆಮೇಲಿನ ಮಾತು, ಮೊದಲು ನೋಡಬೇಕಾದದ್ದು ಅಭ್ಯರ್ಥಿಯ ಕೋರಿಕೆ ನ್ಯಾಯವಾಗಿದೆಯಾ ಅನ್ನುವುದನ್ನು ಅಂತ ಹೇಳಿತು. ನನಗೆ ಈ ತೀರ್ಪು ಬಹಳ ಇಷ್ಟ. ಹಾಲಿಯವರ ಮುಖ ವರ್ಷಪೂರ್ತಿ ಎಲ್ಲರಿಗೂ ಕಾಣುತ್ತಿರುತ್ತದೆ. ಕೊನೆಯ ಎರಡು ವಾರ ಮಾತ್ರ ಪ್ರಚಾರ ಅಂದರೆ ಪೆಟ್ಟು ಬೀಳುವುದು ಹೊಸಬರಿಗೇ.

ಇನ್ನು ಪತ್ರಿಕೆ. ಇದರಲ್ಲಿ ಅನ್ಯಾಯ ಕಣ್ಣಿಗೆ ಬೀಳುವುದು ಕಷ್ಟ. "ನನಗೆ ಮತ ಕೊಡಿ" ಅಂತ ಯಾರೂ ಬರೆಯುವುದಿಲ್ಲ. ಮೊದಲ ಪುಟದಲ್ಲಿ ಅಧ್ಯಕ್ಷರು ಮನವಿ ಕೊಡುತ್ತಿರುವ ಫೋಟೋ, ಮೂರನೇ ಪುಟದಲ್ಲಿ ಅಧ್ಯಕ್ಷರಿಗೆ ಹಾರ, ಕೊನೇ ಪುಟದಲ್ಲಿ ಅಧ್ಯಕ್ಷರ ಶುಭಾಶಯ. ಎದುರಾಳಿಯ ಹೆಸರೇ ಎಲ್ಲೂ ಇಲ್ಲ. ಕೇಳಿದರೆ "ಇದು ಸುದ್ದಿ ಸಾರ್, ಪ್ರಚಾರ ಅಲ್ಲ" ಅಂತಾರೆ. ಅಳೆಯುವುದಕ್ಕೆ ಒಂದು ಸುಲಭ ದಾರಿ ಹೇಳುತ್ತೇನೆ. ಹೋದ ವರ್ಷದ ಸಂಚಿಕೆಗಳನ್ನೂ ಚುನಾವಣೆ ಮುಂಚಿನ ಸಂಚಿಕೆಗಳನ್ನೂ ಪಕ್ಕಪಕ್ಕ ಇಡಿ. ಅಧ್ಯಕ್ಷರ ಫೋಟೋ, ಹೆಸರು ಎಷ್ಟು ಸಲ ಬಂದಿದೆ ಎಣಿಸಿ. ದಿಢೀರನೆ ಜಾಸ್ತಿ ಆಗಿದ್ದರೆ ಅದು ಸುದ್ದಿ ಅಲ್ಲ.

ಅಮೆರಿಕದ ಗಣಿ ಕಾರ್ಮಿಕರ ಯೂನಿಯನ್ನಿನ 1969ರ ಚುನಾವಣೆಯಲ್ಲಿ ಆದದ್ದು ಇದೇ. ಹಾಲಿ ಅಧ್ಯಕ್ಷ ಟೋನಿ ಬಾಯ್ಲ್, ಎದುರಿಗೆ ಜಾಕ್ ಯಬ್ಲಾನ್ಸ್ಕಿ. ಯೂನಿಯನ್ ಪತ್ರಿಕೆ ಪೂರ್ತಿ ಬಾಯ್ಲ್ ಪರ ತಿರುಗಿತು. ಯಬ್ಲಾನ್ಸ್ಕಿ ತನ್ನ ಕರಪತ್ರ ಸದಸ್ಯರಿಗೆ ತಲುಪಿಸುವುದಕ್ಕೂ ಕೋರ್ಟ್ ಆದೇಶ ತರಬೇಕಾಯಿತು. ಬಾಯ್ಲ್ ದೊಡ್ಡ ಅಂತರದಿಂದ ಗೆದ್ದರು. ಅದೇ ವರ್ಷ ಡಿಸೆಂಬರ್ 31ರ ನಸುಕಿನಲ್ಲಿ ಯಬ್ಲಾನ್ಸ್ಕಿ, ಅವರ ಹೆಂಡತಿ, ಮಗಳು ಮೂವರನ್ನೂ ಮನೆಯಲ್ಲೇ ಗುಂಡಿಟ್ಟು ಕೊಂದರು. ಆ ಕೊಲೆ ಮಾಡಿಸಿದ್ದಕ್ಕೆ ಮುಂದೆ ಬಾಯ್ಲ್ ಜೈಲಿಗೆ ಹೋದರು. 1972ರಲ್ಲಿ ಕೋರ್ಟ್ ಆ ಚುನಾವಣೆಯನ್ನೇ ರದ್ದು ಮಾಡಿತು. ಸರ್ಕಾರದ ಉಸ್ತುವಾರಿಯಲ್ಲಿ ಮತ್ತೆ ಮತದಾನ ಆದಾಗ ಆರ್ನಾಲ್ಡ್ ಮಿಲ್ಲರ್ ಗೆದ್ದರು. ಬಾಯ್ಲ್ ಸೋತರು. ಕೊಲೆಯ ಭೀಕರತೆಯಲ್ಲಿ ಜನ ಮರೆಯುವುದೇನೆಂದರೆ, ಚುನಾವಣೆ ರದ್ದಾಗಿದ್ದು ಕೊಲೆಯ ಕಾರಣಕ್ಕಲ್ಲ. ಪತ್ರಿಕೆ, ಯೂನಿಯನ್ ಹಣ, ಮತದಾನದ ಗುಟ್ಟು ಇಂಥ ವಿಷಯಗಳಲ್ಲಿ ಕಾನೂನು ಮುರಿದಿದ್ದಕ್ಕೆ.

ಬ್ರಿಟನ್ನಿನವರ ಪದ್ಧತಿ ಇನ್ನೂ ಸರಳ. ಅಲ್ಲಿ 1992ರ ಕಾಯ್ದೆ ಪ್ರಕಾರ ಯೂನಿಯನ್‌ನ ಮುಖ್ಯ ಹುದ್ದೆಗಳಿಗೆ ಅಂಚೆ ಮೂಲಕ ಗುಪ್ತ ಮತದಾನ ಆಗಬೇಕು. ಪ್ರತಿ ಅಭ್ಯರ್ಥಿಗೂ ತನ್ನದೇ ಮಾತಿನಲ್ಲಿ ಒಂದು ಮನವಿ ಬರೆದುಕೊಡಲು ಅವಕಾಶ. ಉದ್ದಕ್ಕೆ ಯೂನಿಯನ್ ಮಿತಿ ಹಾಕಬಹುದು, ಆದರೆ ಆ ಮಿತಿ 100 ಪದಕ್ಕಿಂತ ಕಡಿಮೆ ಇರುವಂತಿಲ್ಲ. ಅಭ್ಯರ್ಥಿ ಒಪ್ಪದೆ ಒಂದು ಪದವನ್ನೂ ತಿದ್ದುವಂತಿಲ್ಲ. ಮತಪತ್ರದ ಜೊತೆಗೇ ಎಲ್ಲರ ಮನವಿಯೂ ಪ್ರತಿ ಸದಸ್ಯರಿಗೆ ಹೋಗುತ್ತದೆ, ಅಭ್ಯರ್ಥಿಗೆ ಒಂದು ಪೈಸೆ ಖರ್ಚಿಲ್ಲ. ನೀವು ಒಂದೇ ಒಂದು ನಿಯಮ ಬೈಲಾಗೆ ಸೇರಿಸುವುದಾದರೆ ಇದನ್ನೇ ಸೇರಿಸಿ ಅಂತ ನಾನು ಹೇಳುತ್ತೇನೆ. ಬಡ ಅಭ್ಯರ್ಥಿಗೆ ಇದಕ್ಕಿಂತ ದೊಡ್ಡ ಸಹಾಯ ಇಲ್ಲ.

"ತಿದ್ದುವಂತಿಲ್ಲ" ಅನ್ನುವುದನ್ನು ಗಟ್ಟಿಯಾಗಿ ಹಿಡಿದುಕೊಳ್ಳಿ. ಕರಪತ್ರವನ್ನು ಮೊದಲು ನಮಗೆ ತೋರಿಸಿ, ಕೆಟ್ಟದಾಗಿ ಬರೆದಿದ್ದರೆ ತೆಗೆಯುತ್ತೇವೆ ಅಂತ ಆಫೀಸಿನವರು ಹೇಳುತ್ತಾರೆ. ಕೇಳುವುದಕ್ಕೆ ಸಭ್ಯವಾಗೇ ಇರುತ್ತದೆ. ಆದರೆ ಅವರ ಕಣ್ಣಿಗೆ ಕೆಟ್ಟದ್ದು ಯಾವುದು? ಲೆಕ್ಕ ಕೇಳಿದ ಸಾಲು. ಒಂದು ಕಡೆ ಹೀಗೇ ಒಬ್ಬರ ಕರಪತ್ರದಲ್ಲಿ ಕಟ್ಟಡ ನಿಧಿಯ ಬಗ್ಗೆ ಇದ್ದ ಒಂದು ಸಾಲಿಗೆ ಕಪ್ಪು ಮಾರ್ಕರ್ ಬಳಿದು ಹಂಚಿದರು. ಊಟದ ಬಿಡುವಿನಲ್ಲಿ ನೋಡಿದರೆ ಕ್ಯಾಂಟೀನ್ ತುಂಬಾ ಜನ ಹಾಳೆಯನ್ನು ಟ್ಯೂಬ್‌ಲೈಟ್‌ಗೆ ಎತ್ತಿ ಹಿಡಿದು ಆ ಒಂದು ಸಾಲನ್ನೇ ಓದುತ್ತಿದ್ದರು! ಉಳಿದದ್ದನ್ನು ಯಾರೂ ಓದಲಿಲ್ಲ ಅನ್ನಿಸುತ್ತದೆ. ಅಮೆರಿಕದಲ್ಲಂತೂ ಎದುರಾಳಿಯನ್ನು ಹೀಯಾಳಿಸಿದ್ದರೂ ಸರಿ, ಕರಪತ್ರದ ಒಳಗಿನ ಮಾತಿಗೆ ಯೂನಿಯನ್ ಕತ್ತರಿ ಹಾಕುವಂತಿಲ್ಲ. ಸುಳ್ಳು ಬರೆದಿದ್ದರೆ ಎದುರಿನವರು ತಮ್ಮ ಕರಪತ್ರದಲ್ಲಿ ಉತ್ತರ ಕೊಡಲಿ. ಮಾನಹಾನಿ ಅನ್ನಿಸಿದರೆ ಅದಕ್ಕೆ ಬೇರೆ ಕಾನೂನು ಇದೆ.

ದುಡ್ಡಿನ ವಿಷಯ ನೇರ. ಯೂನಿಯನ್ ಹಣ ಯಾವ ಅಭ್ಯರ್ಥಿಯ ಪ್ರಚಾರಕ್ಕೂ ಹೋಗಬಾರದು. ಮಾಲೀಕರ ಹಣವಂತೂ ಬೇಡವೇ ಬೇಡ. ಹಣ ಅಂದರೆ ನಗದು ಮಾತ್ರ ಅಲ್ಲ. ಆಫೀಸಿನ ಜೆರಾಕ್ಸ್ ಮೆಷಿನ್, ಯೂನಿಯನ್ ಕಾರು, ಸಂಬಳ ಪಡೆಯುವ ಗುಮಾಸ್ತರ ಸಮಯ, ಎಲ್ಲ ಸೇರುತ್ತದೆ. ಅಮೆರಿಕದಲ್ಲಿ ಮಾಲೀಕರು ಅಂದರೆ ನಿಮ್ಮ ಕಂಪನಿಯವರು ಮಾತ್ರ ಅಲ್ಲ, ಯಾವ ಮಾಲೀಕರೂ ಕೊಡುವಂತಿಲ್ಲ. ಅಭ್ಯರ್ಥಿಯ ಭಾವಮೈದುನನ ಪ್ರಿಂಟಿಂಗ್ ಪ್ರೆಸ್‌ನಲ್ಲಿ ಪುಕ್ಕಟೆ ಅಚ್ಚು ಹಾಕಿಸಿದರೂ ತೊಂದರೆ. ಹೊರಗಿನ ಹಿತೈಷಿಗಳ ದೇಣಿಗೆ? ಅಲ್ಲಿನ ಉಕ್ಕು ಕಾರ್ಮಿಕರ ಯೂನಿಯನ್ ಸದಸ್ಯರಲ್ಲದವರಿಂದ ದೇಣಿಗೆ ತೆಗೆದುಕೊಳ್ಳಬಾರದು ಅಂತ ನಿಯಮ ಮಾಡಿತು. 1982ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. ನನಗೆ ಇದರಲ್ಲಿ ಪೂರ್ತಿ ಸಮಾಧಾನ ಇಲ್ಲ. ಹಾಲಿ ಬಣಕ್ಕೆ ಸಂಬಳದ ಮೇಲಿರುವ ಪದಾಧಿಕಾರಿಗಳಿಂದಲೇ ದೇಣಿಗೆ ಸಿಗುತ್ತದೆ, ಎದುರಾಳಿಗೆ ಹೊರಗಿನವರು ಬಿಟ್ಟರೆ ಯಾರಿದ್ದಾರೆ?

ಗೆದ್ದವರು ಒಳ್ಳೆಯವರಾದರೆ ಇದನ್ನೆಲ್ಲ ಸಡಿಲ ಬಿಡಬಹುದು ಅನ್ನುವವರಿಗೆ ಟೀಮ್‌ಸ್ಟರ್ಸ್ ಯೂನಿಯನ್ ಕತೆ ಹೇಳಬೇಕು. ಟ್ರಕ್ ಚಾಲಕರ ಆ ದೊಡ್ಡ ಯೂನಿಯನ್‌ನಲ್ಲಿ ಸದಸ್ಯರೇ ನೇರವಾಗಿ ಮತ ಹಾಕಿ ಅಧ್ಯಕ್ಷರನ್ನು ಆರಿಸಿದ್ದು 1991ರಲ್ಲಿ, ಮೊದಲ ಸಲ. ಗೆದ್ದವರು ರಾನ್ ಕೇರಿ, ಭ್ರಷ್ಟಾಚಾರದ ವಿರುದ್ಧ ನಿಂತ ಸುಧಾರಕ. 1996ರಲ್ಲಿ ಜೇಮ್ಸ್ ಪಿ. ಹಾಫಾ ವಿರುದ್ಧ ಮತ್ತೆ ಗೆದ್ದರು. ಆಮೇಲೆ ಹೊರಬಿತ್ತು: ಯೂನಿಯನ್ ಹಣ ಹೊರಗಿನ ಸಂಘಟನೆಗಳಿಗೆ ದೇಣಿಗೆ ಅಂತ ಹೋಗಿ, ಅದಕ್ಕೆ ಬದಲಾಗಿ ಕೇರಿಯ ಪ್ರಚಾರಕ್ಕೆ ಬೇರೆ ಕೈಗಳಿಂದ ದುಡ್ಡು ಬಂದಿತ್ತು. 1997ರಲ್ಲಿ ಫಲಿತಾಂಶ ರದ್ದಾಯಿತು, ಮರುಚುನಾವಣೆಗೆ ನಿಲ್ಲಲು ಕೇರಿಗೆ ಅವಕಾಶ ಸಿಗಲಿಲ್ಲ. 1998ರಲ್ಲಿ ಹಾಫಾ ಗೆದ್ದರು. ತನಗೆ ಇದು ಗೊತ್ತೇ ಇರಲಿಲ್ಲ ಅಂತ ಕೇರಿ ಹೇಳುತ್ತಾ ಬಂದರು, 2001ರಲ್ಲಿ ಸುಳ್ಳು ಸಾಕ್ಷ್ಯದ ಆರೋಪದಿಂದ ಬಿಡುಗಡೆಯೂ ಆಯಿತು. ಅಷ್ಟೊತ್ತಿಗೆ ಸುಧಾರಣೆಯ ಬಣ ಚದುರಿಹೋಗಿತ್ತು.

ವಾಟ್ಸಾಪ್ ಗ್ರೂಪ್ ಬಗ್ಗೆ ಕೇಳಿದ್ದೀರಿ. ಅದು ಯೂನಿಯನ್ ಆಫೀಸು ನಡೆಸುವ ಅಧಿಕೃತ ಗ್ರೂಪ್ ಆಗಿದ್ದರೆ ಅದೂ ನೋಟಿಸ್ ಬೋರ್ಡ್ ಇದ್ದ ಹಾಗೆ. ಚುನಾವಣೆ ಘೋಷಣೆ ಆದ ದಿನದಿಂದ ಅಡ್ಮಿನ್ ಕೆಲಸ ಚುನಾವಣಾ ಸಮಿತಿಗೆ ಹೋಗಬೇಕು. ಒಬ್ಬರ ಸಂದೇಶ ಹಾಕಿದರೆ ಎಲ್ಲರದ್ದೂ ಹಾಕಬೇಕು, ಒಂದೇ ದಿನ, ಒಂದರ ಹಿಂದೆ ಒಂದು. ಅಧ್ಯಕ್ಷರು ತಮ್ಮ ಸ್ವಂತ ಗೆಳೆಯರ ಗ್ರೂಪ್‌ನಲ್ಲಿ ಏನು ಬರೆದುಕೊಂಡರೂ ಅದು ಅವರ ಹಕ್ಕು, ಅದಕ್ಕೆ ತಕರಾರು ಮಾಡಬೇಡಿ. ಹಾಗೇ ವೇತನ ಒಪ್ಪಂದದ ಮಾತುಕತೆಗೆ ಹೋದ ಅಧ್ಯಕ್ಷರು ದಾರಿಯಲ್ಲಿ ನಾಲ್ಕು ಜನರ ಕೈ ಕುಲುಕಿದರೆ ಅದನ್ನೂ ದೂರು ಮಾಡಿಕೊಂಡು ಕೂರಬೇಡಿ. ಕೆಲಸದ ನಡುವೆ ಸಹಜವಾಗಿ ಆಗುವ ಮಾತನ್ನು ಅಮೆರಿಕದ ನಿಯಮವೂ ಪ್ರಚಾರ ಅಂತ ಹಿಡಿಯುವುದಿಲ್ಲ. ಪ್ರಚಾರಕ್ಕೇ ಅಂತ ಯೂನಿಯನ್ ಸಂಬಳದ ದಿನವನ್ನು ಬಳಸಿದರೆ ಮಾತ್ರ ತಪ್ಪು.

ಈಗ ನೀವು ಮಾಡಬೇಕಾದ್ದು. ಅಧ್ಯಕ್ಷರಿಗೆ ಅಲ್ಲ, ಚುನಾವಣಾ ಸಮಿತಿಗೆ ಇವತ್ತೇ ಪತ್ರ ಬರೆಯಿರಿ. ಸಮಿತಿ ಇನ್ನೂ ರಚನೆ ಆಗಿಲ್ಲ ಅಂದರೆ ಸರ್ವಸದಸ್ಯರ ಸಭೆಯಲ್ಲಿ ತಟಸ್ಥರನ್ನು ಆರಿಸಿ ಅಂತ ಕೇಳಿ, ಅಭ್ಯರ್ಥಿಗಳೂ ಅವರ ಕಡೆಯವರೂ ಅದರಲ್ಲಿ ಇರಬಾರದು. ಪತ್ರದಲ್ಲಿ "ಅನ್ಯಾಯ ಆಗುತ್ತಿದೆ" ಅಂತ ಸುಮ್ನೆ ಬರೆಯಬೇಡಿ. ಕೋರಿಕೆ ಬರೆಯಿರಿ: ನನ್ನ ಕರಪತ್ರ ಇಂಥ ದಿನದೊಳಗೆ ಎಲ್ಲ ಸದಸ್ಯರಿಗೆ ಕಳುಹಿಸಿ, ಅಂಚೆ ಖರ್ಚು ನಾನು ಕೊಡುತ್ತೇನೆ; ಪಟ್ಟಿ ನೋಡಲು ದಿನ, ಸಮಯ ತಿಳಿಸಿ; ಪತ್ರಿಕೆಯ ಮುಂದಿನ ಸಂಚಿಕೆಯಲ್ಲಿ ಎಲ್ಲ ಅಭ್ಯರ್ಥಿಗಳಿಗೂ ಸಮಾನ ಜಾಗ ಕೊಡಿ. ನಿರಾಕರಿಸಿದರೆ ಕಾರಣವನ್ನು ಬರಹದಲ್ಲಿ ಕೇಳಿ.

ದಾಖಲೆ ಯಾಕೆ ಬೇಕು ಅಂದರೆ, ಸೋತ ಮೇಲೆ ದೂರು ಕೊಟ್ಟರೆ ಮೊದಲು ಬರುವ ಪ್ರಶ್ನೆ "ಇದರಿಂದ ಫಲಿತಾಂಶ ಬದಲಾಗುತ್ತಿತ್ತಾ?" ಅನ್ನುವುದು. ಅಮೆರಿಕದಲ್ಲಿ ಖಂಡಿತ ಬದಲಾಗುತ್ತಿತ್ತು ಅಂತ ತೋರಿಸಬೇಕಿಲ್ಲ, ಬದಲಾಗಿರಬಹುದು ಅನ್ನುವುದು ಗಟ್ಟಿಯಾದರೆ ಮರುಚುನಾವಣೆ. ಆದರೆ ಅಲ್ಲೂ ಮೊದಲು ಯೂನಿಯನ್ ಒಳಗೇ ದೂರು ಕೊಡಬೇಕು. ಅಲ್ಲಿ ತೀರ್ಮಾನ ಆದಮೇಲೆ, ಅಥವಾ 3 ತಿಂಗಳು ಕಾದರೂ ತೀರ್ಮಾನ ಆಗದಿದ್ದರೆ, 1 ತಿಂಗಳೊಳಗೆ ಕಾರ್ಮಿಕ ಇಲಾಖೆಗೆ ಹೋಗಬೇಕು. ನಿಮ್ಮ ಬೈಲಾದಲ್ಲಿ ದೂರಿಗೆ ಎಷ್ಟು ದಿನದ ಗಡುವು ಇದೆ ಅಂತ ಈಗಲೇ ನೋಡಿಟ್ಟುಕೊಳ್ಳಿ, ಬಹಳ ಜನ ತಪ್ಪುವುದು ಅಲ್ಲೇ. ಮತಪತ್ರ, ಸದಸ್ಯರ ಪಟ್ಟಿ, ಎಣಿಕೆ ಹಾಳೆ ಎಲ್ಲವನ್ನೂ ಸೀಲ್ ಮಾಡಿ 1 ವರ್ಷ ಇಡಿ ಅಂತಲೂ ಸಮಿತಿಯನ್ನು ಕೇಳಿ, ಅಮೆರಿಕದ ಕಾನೂನಿನಲ್ಲಿ ಇರುವ ಅವಧಿಯೂ ಅಷ್ಟೇ. ಪತ್ರದ ನಿಮ್ಮ ಪ್ರತಿ ಮೇಲೆ ತಾರೀಖು ಹಾಕಿಸಿ ಸ್ವೀಕೃತಿ ಸಹಿ ತೆಗೆದುಕೊಳ್ಳಿ. ಸಹಿ ಹಾಕುವುದಿಲ್ಲ ಅಂದರೆ ವಾದಕ್ಕೆ ನಿಲ್ಲದೆ ಅದೇ ಪತ್ರವನ್ನು ರಿಜಿಸ್ಟರ್ಡ್ ಅಂಚೆಯಲ್ಲಿ ಹಾಕಿಬಿಡಿ.