ಪರಿಚಯ ಬೇಕು, ಮುಲಾಜು ಬೇಡ

ಪ್ರಶ್ನೆ: ನಾನು ಮದ್ದೂರು ತಾಲ್ಲೂಕಿನ ಹಳ್ಳಿಯೊಂದರವಳು. ಮಂಡ್ಯದಲ್ಲಿ ಎಂಜಿನಿಯರಿಂಗ್ ಮುಗಿಸಿ, 4 ವರ್ಷಗಳಿಂದ ಮೈಸೂರಿನ ಹೆಬ್ಬಾಳ ಕೈಗಾರಿಕಾ ಪ್ರದೇಶದ ಕಾರ್ಖಾನೆಯೊಂದರಲ್ಲಿ ಗುಣಮಟ್ಟ ಪರಿಶೀಲನೆಯ ಕೆಲಸ ಮಾಡುತ್ತಿದ್ದೇನೆ. ಮನೆಯಲ್ಲಿ ಆಲೆಮನೆ ಇದ್ದುದರಿಂದ ಆಹಾರ ಸಂಸ್ಕರಣೆಯ ಕ್ಷೇತ್ರಕ್ಕೆ ಹೋಗಬೇಕೆಂಬ ಆಸೆ ಚಿಕ್ಕಂದಿನದು. ದೊಡ್ಡವರ ಪರಿಚಯ ಮಾಡಿಕೋ, ನಾಲ್ಕು ಹೊಗಳಿಕೆಯ ಮಾತು ಬರೆ ಎಂದು ಸಹೋದ್ಯೋಗಿಗಳು ಹೇಳಿದ್ದರಿಂದ ಲಿಂಕ್ಡ್‌ಇನ್‌ನಲ್ಲಿ ನೂರಾರು ಜನಕ್ಕೆ ಮೆಸೇಜ್ ಕಳಿಸಿದೆ, ಫಲ ಸಿಗಲಿಲ್ಲ. ಕೆಲಸ ಬೇಕಾದಾಗ ಮಾತ್ರ ಜನರನ್ನು ನೆನೆಯುವುದು ನನಗೇ ಹೇಸಿಗೆ ಅನ್ನಿಸುತ್ತದೆ. ನನ್ನ ತಂದೆ ಯಾರ ಬಾಗಿಲಲ್ಲೂ ನಿಂತವರಲ್ಲ. ಸ್ವಾಭಿಮಾನ ಬಿಡದೆ ಪರಿಚಯ ಬೆಳೆಸುವುದು ಹೇಗೆ?

ಉತ್ತರ: ನಿಮ್ಮ ಅಳುಕನ್ನು ನಾನು ಗೌರವಿಸುತ್ತೇನೆ. ಆದರೆ ನೀವು ಶಿಫಾರಸನ್ನೂ ಪರಿಚಯವನ್ನೂ ಒಂದೇ ತಕ್ಕಡಿಗೆ ಹಾಕಿದ್ದೀರಿ. 1912ರಲ್ಲಿ ಮೈಸೂರಿನ ದಿವಾನರಾದ ವಿಶ್ವೇಶ್ವರಯ್ಯನವರು, ಯಾರ ಪರವಾಗಿಯೂ ಶಿಫಾರಸಿಗೆ ಬರಬಾರದೆಂದು ಬಂಧುಗಳಿಂದ ಮೊದಲೇ ಮಾತು ಪಡೆದಿದ್ದರೆಂದು ನಮ್ಮ ಕಡೆ ಮನೆಮನೆಯಲ್ಲಿ ಹೇಳುತ್ತಾರೆ. ಅದೇ ವಿಶ್ವೇಶ್ವರಯ್ಯನವರ ಮುತುವರ್ಜಿಯಿಂದ 1915ರಲ್ಲಿ ಸಾಹಿತ್ಯ ಪರಿಷತ್ತೂ 1916ರಲ್ಲಿ ವಾಣಿಜ್ಯ ಮಂಡಳಿಯೂ ಹುಟ್ಟಿದವು ಎಂಬುದನ್ನು ನಾವು ಅಷ್ಟಾಗಿ ಜೋಡಿಸಿ ನೋಡುವುದಿಲ್ಲ. ಶಿಫಾರಸಿನ ಬಾಗಿಲು ಮುಚ್ಚಿದವರೇ, ಒಂದೇ ಕಸುಬಿನ, ಒಂದೇ ಆಸಕ್ತಿಯ ಜನ ಕಲೆಯುವ ಚಾವಡಿಗಳನ್ನು ಕಟ್ಟಿಸಿದರು. ಯೋಗ್ಯತೆಯನ್ನು ಬದಿಗಿಟ್ಟು ನನ್ನನ್ನು ನೋಡಿ ಎನ್ನುವುದು ಶಿಫಾರಸು. ನನ್ನ ಯೋಗ್ಯತೆ ಇಷ್ಟು, ಇದನ್ನು ಬಲ್ಲವರ ಎದುರು ಇಡಲು ಅವಕಾಶ ಕೊಡಿ ಎನ್ನುವುದು ಪರಿಚಯ.

ನಿಮ್ಮ ತಂದೆ ಯಾರ ಬಾಗಿಲಲ್ಲೂ ನಿಂತಿರಲಿಕ್ಕಿಲ್ಲ, ಆದರೆ ನಾಟಿಯ ಕಾಲದಲ್ಲಿ ಮುಯ್ಯಾಳಿಗೆ ಹೋಗಿರುತ್ತಾರೆ. ಇಂದು ನಿನ್ನ ಗದ್ದೆಗೆ ನಾನು, ನಾಳೆ ನನ್ನ ಗದ್ದೆಗೆ ನೀನು ಎಂಬ ಆ ಏರ್ಪಾಟಿನಲ್ಲಿ ಯಾರೂ ಕುಗ್ಗಿದವರಿಲ್ಲ. ಏಕೆಂದರೆ ಬಂದದ್ದು ಯಾಕೆ ಎಂಬುದು ಇಬ್ಬರಿಗೂ ಗೊತ್ತಿತ್ತು. ಹೇಸಿಗೆ ಹುಟ್ಟುವುದು ಉದ್ದೇಶವನ್ನು ಬಚ್ಚಿಟ್ಟು ಕುಶಲ ವಿಚಾರಿಸುವಾಗ, ಓದದೇ ಇರುವ ಬರಹವನ್ನು ಹೊಗಳುವಾಗ. ಆದ್ದರಿಂದ ಉದ್ದೇಶವನ್ನು ಮೊದಲ ಸಾಲಿನಲ್ಲೇ ಬರೆಯಿರಿ: "ಗುಣಮಟ್ಟ ಪರಿಶೀಲನೆಯಲ್ಲಿ 4 ವರ್ಷ ಕೆಲಸ ಮಾಡಿದ್ದೇನೆ, ಆಹಾರ ಕ್ಷೇತ್ರಕ್ಕೆ ಬರಬೇಕೆಂದಿದ್ದೇನೆ, ನಿಮ್ಮ ಕೆಲಸದಲ್ಲಿ ದಿನನಿತ್ಯದ ಕಷ್ಟ ಯಾವುದೆಂದು ತಿಳಿಯಲು 20 ನಿಮಿಷ ಕೊಡುವಿರಾ? ಮುಂದೆ ಕೆಲಸ ಹುಡುಕುವ ಯೋಚನೆಯೂ ಇದೆ." ಹೀಗೆ ಬರೆದವರಿಗೆ ಇಲ್ಲ ಎನ್ನುವವರು ಇದ್ದಾರೆ, ಆದರೆ ಅದರಿಂದ ನಿಮ್ಮ ಮಾನಕ್ಕೆ ಕುಂದಿಲ್ಲ.

ನೂರಾರು ಮೆಸೇಜುಗಳು ಏಕೆ ಫಲಿಸಲಿಲ್ಲ ಎಂಬುದಕ್ಕೂ ಕಾರಣವಿದೆ. ಅಮೆರಿಕದ ಸಮಾಜಶಾಸ್ತ್ರಜ್ಞ ಮಾರ್ಕ್ ಗ್ರಾನೊವೆಟರ್ ಬಾಸ್ಟನ್ ಸಮೀಪದ ಊರೊಂದರಲ್ಲಿ ಕೆಲಸ ಬದಲಿಸಿದವರನ್ನು ಮಾತನಾಡಿಸಿ 1973ರಲ್ಲಿ ಪ್ರಕಟಿಸಿದ ಲೇಖನದ ಪ್ರಕಾರ, ಪರಿಚಿತರ ಮೂಲಕ ಕೆಲಸದ ಸುಳಿವು ಸಿಕ್ಕವರಲ್ಲಿ ಶೇ 16.7ರಷ್ಟು ಮಂದಿಗೆ ಮಾತ್ರ ಅದು ಪದೇ ಪದೇ ಭೇಟಿಯಾಗುವವರಿಂದ ಬಂದಿತ್ತು, ಶೇ 55.6ರಷ್ಟು ಮಂದಿಗೆ ಆಗೊಮ್ಮೆ ಈಗೊಮ್ಮೆ ಕಾಣುವವರಿಂದ, ಉಳಿದವರಿಗೆ ಅಪರೂಪಕ್ಕೆ ಕಾಣುವವರಿಂದ. ಆಪ್ತರಿಗೆ ಗೊತ್ತಿರುವುದು ಬಹುಪಾಲು ನಮಗೂ ಗೊತ್ತಿರುತ್ತದೆ. ಹೊಸ ಸುದ್ದಿ ಬರುವುದು ಬೇರೆ ವಲಯದಲ್ಲಿ ಓಡಾಡುವವರಿಂದ. ಆದರೆ 2022ರಲ್ಲಿ ಲಿಂಕ್ಡ್‌ಇನ್‌ನ ಸುಮಾರು 2 ಕೋಟಿ ಬಳಕೆದಾರರನ್ನು ಕುರಿತು ಪ್ರಕಟವಾದ ಅಧ್ಯಯನವು, ಹೆಚ್ಚು ನೆರವಾಗುವುದು ತೀರ ತೆಳುವಾದ ನಂಟಲ್ಲ, ಮಧ್ಯಮವಾಗಿ ತೆಳುವಾದ ನಂಟು ಎಂದು ತೋರಿಸಿತು. ಎಂದರೆ, ನಿಮ್ಮ ಕಾಲೇಜಿನ ಹಿರಿಯ ವಿದ್ಯಾರ್ಥಿ, ಹಿಂದೊಮ್ಮೆ ಆಡಿಟ್‌ಗೆ ಬಂದಿದ್ದವರು, ನಿಮ್ಮ ಮೇಷ್ಟರ ಸ್ನೇಹಿತರು. ಇವರಲ್ಲಿ ಐದಾರು ಜನಕ್ಕೆ ಶ್ರದ್ಧೆಯಿಂದ ಬರೆದರೆ ಸಾಕು.

ಇನ್ನು ನನಗೆ ಬಹಳ ಮುಖ್ಯವಾಗಿ ಕಾಣುವ ಮಾತು. ಯಾರನ್ನು ಹುಡುಕಿ ಹೋಗಬೇಕೆಂಬುದನ್ನು ಅವರ ಹುದ್ದೆ ನೋಡಿ ತೀರ್ಮಾನಿಸಬೇಡಿ. ನೀವು ಯಾವುದನ್ನು ಕಾಪಾಡಲು ಬಯಸುತ್ತೀರೋ ಅದನ್ನು ನೋಡಿ. ಬೆಲ್ಲದ ಬಣ್ಣ ತಿಳಿಯಾಗಲೆಂದು ರಾಸಾಯನಿಕ ಸುರಿಯುವುದನ್ನೂ, ಬೆಂಡೆಯ ಲೋಳೆಯಿಂದ ಕಲ್ಮಶ ತೆಗೆಯುವುದನ್ನೂ ನೀವು ಆಲೆಮನೆಯಲ್ಲಿ ಬೆಳೆದವರಾಗಿ ಬಲ್ಲಿರಿ. ಶುದ್ಧ ಆಹಾರವೇ ನಿಮ್ಮ ಕಾಳಜಿಯಾದರೆ, 1950ರಿಂದ ಮೈಸೂರಿನಲ್ಲಿಯೇ ಇರುವ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆಯ (ಸಿಎಫ್‌ಟಿಆರ್‌ಐ) ಅಲ್ಪಾವಧಿ ತರಬೇತಿಗಳಿಗೆ ಹೋಗಿ, ಮಂಡ್ಯದ ವಿ.ಸಿ. ಫಾರಂ ಕೃಷಿ ಸಂಶೋಧನಾ ಕೇಂದ್ರದಲ್ಲಿ ಕಬ್ಬಿನ ಮೇಲೆ ಕೆಲಸ ಮಾಡುವವರನ್ನು ಕಾಣಿ. ಅಲ್ಲಿ ನೀವು ಬರಿಗೈಯಲ್ಲಿ ಹೋದವರಾಗುವುದಿಲ್ಲ; ಒಲೆಯ ಮುಂದೆ ನಿಂತವರ ತಿಳಿವಳಿಕೆ ನಿಮ್ಮಲ್ಲಿದೆ, ಅದನ್ನು ಕೇಳಿ ತಿಳಿಯಬೇಕಾದವರು ಅಲ್ಲಿದ್ದಾರೆ. ಈಗಿನ ಕಾರ್ಖಾನೆಯ ಒಳಗುಟ್ಟನ್ನು ಮಾತ್ರ ಯಾರ ಮೆಚ್ಚುಗೆಗಾಗಿಯೂ ಹೇಳಬೇಡಿ. ಯಾರಾದರೂ ಸಲಹೆ ಕೊಟ್ಟರೆ, ಒಂದೆರಡು ತಿಂಗಳ ನಂತರ ಅದರಿಂದ ಏನಾಯಿತೆಂದು ಬರೆದು ತಿಳಿಸಿ. ಅಷ್ಟು ಮಾಡುವವರು ತೀರ ಕಡಿಮೆ, ಮತ್ತು ಹಿರಿಯರಿಗೆ ಅದರಷ್ಟು ಸಂತೋಷ ಕೊಡುವುದು ಬೇರೊಂದಿಲ್ಲ.

ಪ್ರಶ್ನೆ: ನಾನು ಮೈಸೂರಿನ ಸಂಸ್ಥೆಯೊಂದರಲ್ಲಿ ಹಿರಿಯ ಹುದ್ದೆಯಲ್ಲಿದ್ದೇನೆ. ತಂಗಿಯ ಮಗನ ಬಗ್ಗೆ ಒಂದು ಮಾತು ಹೇಳೆಂದು ಮನೆಯವರ ಒತ್ತಾಯ. ಹೇಳದಿದ್ದರೆ ನಂಟು ಮುರಿಯುತ್ತದೆ, ಹೇಳಿದರೆ ಮನಸ್ಸು ಒಪ್ಪುವುದಿಲ್ಲ.

ಉತ್ತರ: ಹುಡುಗನ ಕೆಲಸವನ್ನು ನೀವು ಕಣ್ಣಾರೆ ಕಂಡಿಲ್ಲವಾದರೆ ಅವನ ಕೆಲಸದ ಬಗ್ಗೆ ಏನನ್ನೂ ಹೇಳಬೇಡಿ. ಆಯ್ಕೆ ಮಾಡುವವರಿಗೆ ಅವನು ನಿಮ್ಮ ಸೋದರಳಿಯನೆಂದು ಮೊದಲೇ ತಿಳಿಸಿ, ಸಂದರ್ಶನದಿಂದ ದೂರವಿರಿ. ತಂಗಿಯ ಮನೆಗೆ ಮಾತ್ರ ನೀವೇ ಹೋಗಿ. ಎರಡು ಭಾನುವಾರ ಆ ಹುಡುಗನೊಡನೆ ಕುಳಿತು ಅವನ ಅರ್ಜಿ ತಿದ್ದಿ, ಸಂದರ್ಶನದಲ್ಲಿ ಕೇಳುವಂತೆ ಪ್ರಶ್ನೆ ಕೇಳಿ ತಯಾರು ಮಾಡಿ. ಸೋದರಮಾವನಾಗಿ ನೀವು ಕೊಡಬಹುದಾದದ್ದು ಅದು, ಅದನ್ನು ಧಾರಾಳವಾಗಿ ಕೊಡಿ.