38 ಸಾವಿರ ಪಾಯಿಂಟ್ ಇದ್ದರೆ ಮಿಕ್ಸರ್ ತಗೋಬೇಡಿ, ಅಪ್ಪ ಅಮ್ಮನನ್ನು ಕಾಶಿಗೆ ಕಳಿಸಿ

ನೀವು ಕೇಳಿದ್ದು ಇಷ್ಟು: ಊರು ದಾವಣಗೆರೆ, ಕ್ರೆಡಿಟ್ ಕಾರ್ಡಿನಲ್ಲಿ ಖರ್ಚು ಮಾಡಿದ್ದಕ್ಕೆ ಬ್ಯಾಂಕ್ ಕೊಡುವ ಪಾಯಿಂಟ್ 38 ಸಾವಿರ ಸೇರಿದೆ, ಅದರಲ್ಲಿ ಮಿಕ್ಸರ್ ತಗೊಳ್ಳೋದಾ ಅಥವಾ ಅಪ್ಪ ಅಮ್ಮನನ್ನು ವಿಮಾನದಲ್ಲಿ ಕಾಶಿಗೆ ಕಳಿಸೋಕೆ ಆಗುತ್ತಾ ಅಂತ. ಖಂಡಿತ ಆಗುತ್ತೆ. ಹೋದ ವರ್ಷ ನಾನು ಅಮ್ಮನನ್ನು ಕರೆದುಕೊಂಡು ಹೋಗಿದ್ದು ಹೀಗೇ.

ಮೊದಲು ಮಿಕ್ಸರ್ ವಿಷಯ. ಪಾಯಿಂಟಿಗೆ ಒಂದೇ ಬೆಲೆ ಅಂತ ಇರಲ್ಲ, ಎಲ್ಲಿ ಬಳಸುತ್ತೀರಿ ಅನ್ನೋದರ ಮೇಲೆ ಏರಿಳಿತ ಆಗುತ್ತೆ. ಬ್ಯಾಂಕಿನ ಪಟ್ಟಿಯಲ್ಲಿರೋ ಮಿಕ್ಸರ್‌ಗೆ 16 ಸಾವಿರ ಪಾಯಿಂಟ್ ಕೇಳುತ್ತಾರೆ ಅಂದುಕೊಳ್ಳಿ. ಅದೇ ಮಿಕ್ಸರ್ ನಮ್ಮೂರ ಅಂಗಡಿಯಲ್ಲಿ 3,200 ರೂಪಾಯಿಗೆ ಸಿಕ್ಕರೆ ನಿಮ್ಮ ಒಂದು ಪಾಯಿಂಟಿಗೆ ಸಿಕ್ಕಿದ್ದು ಬರೀ 20 ಪೈಸೆ. ಅದೇ ಪಾಯಿಂಟನ್ನು ಬ್ಯಾಂಕಿನದೇ ಪ್ರಯಾಣದ ಪೋರ್ಟಲ್‌ನಲ್ಲಿ, ಅಂದರೆ ಟಿಕೆಟ್ ಮಾಡುವ ಸೈಟ್‌ನಲ್ಲಿ, ವಿಮಾನದ ಟಿಕೆಟಿಗೆ ಹಾಕಿದರೆ ಕೆಲವು ಕಾರ್ಡುಗಳಿಗೆ 50 ಪೈಸೆ ಬರುತ್ತೆ, ದುಬಾರಿ ಕಾರ್ಡುಗಳಿಗೆ 1 ರೂಪಾಯಿ ತನಕ ಇದೆ. 50 ಪೈಸೆ ಅಂತ ಹಿಡಿದರೂ ನಿಮ್ಮದು 19 ಸಾವಿರ ರೂಪಾಯಿ ಆಯಿತು. 20 ಪೈಸೆ ಆದರೆ 7,600. ಇದು ಗೊತ್ತಿಲ್ಲದೆ ನಾನು ಮೊದಲ ಮೂರು ವರ್ಷದ ಪಾಯಿಂಟ್ ಎಲ್ಲ ಒಂದು ಡಿನ್ನರ್ ಸೆಟ್‌ಗೆ ಸುರಿದೆ. ಇವತ್ತಿಗೂ ಆ ತಟ್ಟೆ ನೋಡಿದರೆ ಹೊಟ್ಟೆ ಉರಿಯುತ್ತೆ.

ಕಾಶಿಗೆ ಬೆಂಗಳೂರಿನಿಂದ ನೇರ ವಿಮಾನ ಇದೆ. ನಾವಿಬ್ಬರು ಹೋಗಿ ಬರೋಕೆ ಟಿಕೆಟ್ 24,800 ರೂಪಾಯಿ ಆಯಿತು. ಹಣ ಕಟ್ಟುವ ಪುಟದಲ್ಲಿ ಒಂದು ಗೆರೆ ಇರುತ್ತೆ. ಅದರ ಮೇಲಿನ ಗುಂಡನ್ನು ಬೆರಳಲ್ಲಿ ಬಲಕ್ಕೆ ಎಳೆದಂತೆ ಪಾಯಿಂಟ್ ಏರುತ್ತೆ, ರೂಪಾಯಿ ಇಳಿಯುತ್ತೆ. ನಾನು ಪೂರ್ತಿ ಎಳೆಯೋಣ ಅಂತ ಹೋದೆ, ಅರ್ಧಕ್ಕೆ ಬಂದು ನಿಂತುಬಿಟ್ಟಿತು. ಟಿಕೆಟಿನ ಅರ್ಧದಷ್ಟು, ಕೆಲವು ಕಡೆ ಶೇ 70ರಷ್ಟು ಮಾತ್ರ ಪಾಯಿಂಟಿನಲ್ಲಿ ಕೊಡಲು ಬಿಡುತ್ತಾರೆ. ಹಾಗಾಗಿ 24,800 ಪಾಯಿಂಟ್ ಹೋಯಿತು, ಕೈಯಿಂದ ಕಟ್ಟಿದ್ದು 12,400. ನೀವೂ ಅರ್ಧದಷ್ಟು ದುಡ್ಡು ಸಿದ್ಧ ಇಟ್ಟುಕೊಂಡೇ ಶುರು ಮಾಡಿ. ಇನ್ನೊಂದು, ಅದೇ ವಿಮಾನದ ಬೆಲೆಯನ್ನು ಕಂಪನಿಯ ಸ್ವಂತ ಸೈಟ್‌ನಲ್ಲೂ ನೋಡಿ. ಪೋರ್ಟಲ್‌ನಲ್ಲಿ ಒಂದು ಸಾವಿರ ಜಾಸ್ತಿ ಇದ್ದರೆ ಆ ಸಾವಿರವನ್ನು ನಿಮ್ಮ ಲಾಭದಲ್ಲಿ ಕಳೆಯಬೇಕು.

ಅಮ್ಮ ಕಿಟಕಿ ಪಕ್ಕ ಕೂತು ಬೋರ್ಡಿಂಗ್ ಪಾಸನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡಿದ್ದಳು. ಬಸ್ ಟಿಕೆಟ್ ಇಟ್ಟುಕೊಳ್ಳೋದೂ ಹಾಗೇ. ಗಂಗೆಯಲ್ಲಿ ಮುಳುಗಿ ಎದ್ದಾಗಲೂ ಅದು ಅಲ್ಲೇ ಇತ್ತು, ಒದ್ದೆಯಾಗಿ ಅಕ್ಷರ ಅಳಿಸಿ ಹೋಗಿತ್ತು. ನಿಮ್ಮ ಮನೆಯವರಿಗೂ ಇಂಥದ್ದೊಂದು ಸಿಗಲಿ ಅಂತಲೇ ಇಷ್ಟುದ್ದ ಬರೆಯುತ್ತಿದ್ದೇನೆ.

ಇನ್ನು ಮೈಲ್ಸ್ ವಿಷಯ. ಪಾಯಿಂಟನ್ನು ವಿಮಾನ ಕಂಪನಿಯ ಖಾತೆಗೆ ವರ್ಗ ಮಾಡಿದರೆ ಅದು ಮೈಲ್ಸ್ ಆಗುತ್ತೆ. ಇಂಥ ಖಾತೆಗೆ ಒಂದೊಂದು ಕಂಪನಿಯಲ್ಲಿ ಒಂದೊಂದು ಹೆಸರು: ಏರ್ ಇಂಡಿಯಾದ್ದು ಮಹಾರಾಜ ಕ್ಲಬ್, ಸಿಂಗಪುರ ಏರ್‌ಲೈನ್ಸ್‌ನದು ಕ್ರಿಸ್‌ಫ್ಲೈಯರ್. ಎರಡೂ ಕಂಪನಿ ಸ್ಟಾರ್ ಅಲಯನ್ಸ್ ಅನ್ನೋ ವಿಮಾನ ಕಂಪನಿಗಳ ಕೂಟದಲ್ಲಿವೆ, ಆದ್ದರಿಂದ ಒಂದರ ಮೈಲ್ಸ್‌ನಲ್ಲಿ ಕೂಟದ ಬೇರೆ ವಿಮಾನಕ್ಕೂ ಸೀಟು ತಗೋಬಹುದು. ಆದರೆ ತೆರಿಗೆ ಕೈಯಿಂದಲೇ ಕಟ್ಟಬೇಕು, ಒಮ್ಮೆ ವರ್ಗ ಆದ ಪಾಯಿಂಟ್ ವಾಪಸ್ ಬರಲ್ಲ. ಸೀಟು ಖಾಲಿ ಇದೆಯಾ ಅಂತ ಮೊದಲು ನೋಡಿ, ಆಮೇಲೆ ವರ್ಗ ಮಾಡಿ. ಲೆಕ್ಕ ಹೀಗೆ ಹಾಕಿ: ಟಿಕೆಟ್ 6,000 ರೂಪಾಯಿ, ಮೈಲ್ಸ್‌ನಲ್ಲಾದರೆ 8,000 ಮೈಲು ಮತ್ತು 1,200 ತೆರಿಗೆ ಅಂದುಕೊಳ್ಳಿ. ಉಳಿದದ್ದು 4,800, ಅಂದರೆ ಮೈಲಿಗೆ 60 ಪೈಸೆ. ಮಗ ವಿದೇಶದಲ್ಲಿದ್ದು ವರ್ಷಕ್ಕೊಮ್ಮೆ ಹೋಗಿ ಬರುವವರಿಗೆ ಮೈಲ್ಸ್ ಒಳ್ಳೆಯದು. ನಿಮ್ಮ ಕಾಶಿಗೆ ಪೋರ್ಟಲ್ ಸಾಕು.

ನಮ್ಮೂರಿನವರು ಮರೆಯುವ ಖರ್ಚು ಒಂದಿದೆ. ವಿಮಾನ ಹತ್ತೋಕೆ ನಾವು ಊರು ಬಿಡಲೇಬೇಕು. ಬೆಂಗಳೂರು ವಿಮಾನ ನಿಲ್ದಾಣಕ್ಕೆ ಕಾರು ಮಾಡಿದರೆ, ಖಾಲಿ ವಾಪಸ್ ಬರುವ ಲೆಕ್ಕವೂ ಸೇರಿ ನನಗೆ ಏಳು ಸಾವಿರದ ಆಸುಪಾಸು ಬಿತ್ತು. ಹೋಗುವಾಗ ಒಂದು, ಬರುವಾಗ ಇನ್ನೊಂದು ಅಂದರೆ ಪಾಯಿಂಟಿನಲ್ಲಿ ಉಳಿಸಿದ್ದೆಲ್ಲ ಪೆಟ್ರೋಲಿಗೇ ಹೋಗುತ್ತೆ. ಅದಕ್ಕೇ ಬರುವಾಗ ರೈಲು ಹಿಡಿದೆವು. ಧಾರವಾಡ–ಬೆಂಗಳೂರು ವಂದೇ ಭಾರತ್ 2023ರಿಂದ ದಾವಣಗೆರೆಯಲ್ಲಿ ನಿಲ್ಲುತ್ತೆ, ಯಶವಂತಪುರದಲ್ಲೂ ನಿಲ್ಲುತ್ತೆ. ತಿಂಗಳಿಗೊಮ್ಮೆ ಬೆಂಗಳೂರಿಗೆ ರೈಲಿನಲ್ಲಿ ಓಡಾಡುವವರಾದರೆ ಐಆರ್‌ಸಿಟಿಸಿ ಹೆಸರಿನ ಕಾರ್ಡ್ ನೋಡಿ. ಅದರ ಪಾಯಿಂಟ್ ರೈಲು ಟಿಕೆಟಿಗೆ 1 ರೂಪಾಯಿ ಲೆಕ್ಕದಲ್ಲಿ ಹೋಗುತ್ತೆ. ನಮ್ಮಂಥ ಊರಿಗೆ ಅದೇ ಹೆಚ್ಚು ಉಪಯೋಗ ಅನ್ನೋದು ನನ್ನ ಅಭಿಪ್ರಾಯ.

ಈಗ ಜಾಗ್ರತೆ ಇರಬೇಕಾದ ಜಾಗ. ತಂಗಿ ಮದುವೆಗೆ ಮಂಡಿಪೇಟೆ ಕಡೆ ಸೀರೆ ತೆಗೆದೆವು, 60 ಸಾವಿರ ಬಿಲ್. ಕಾರ್ಡ್ ಕೊಟ್ಟೆ. 'ಕಾರ್ಡ್ ಆದರೆ ಎರಡು ಪರ್ಸೆಂಟ್ ಜಾಸ್ತಿ ಆಗುತ್ತೆ ಸಾರ್' ಅಂದರು. ಅಲ್ಲೇ ಲೆಕ್ಕ ಹಾಕಿದೆ. 150 ರೂಪಾಯಿಗೆ 4 ಪಾಯಿಂಟ್ ಕೊಡುವ ಕಾರ್ಡು ನನ್ನದು. 60 ಸಾವಿರಕ್ಕೆ 1,600 ಪಾಯಿಂಟ್, ಅಂದರೆ 800 ರೂಪಾಯಿ. ಅಂಗಡಿಯವರು ಕೇಳಿದ್ದು 1,200. ಕಾರ್ಡ್ ಜೇಬಿಗೆ ಹಾಕಿ ಬ್ಯಾಂಕ್ ಖಾತೆಯಿಂದ ಯುಪಿಐ ಮಾಡಿದೆ.

ಬಡ್ಡಿ ಇನ್ನೂ ಅಪಾಯ. 50 ಸಾವಿರ ಬಾಕಿ ಉಳಿಸಿಕೊಂಡರೆ ತಿಂಗಳಿಗೆ ಶೇ 3.5ರಂತೆ 1,750 ರೂಪಾಯಿ ಬಡ್ಡಿ, ಅದರ ಮೇಲೆ ಶೇ 18 ಜಿಎಸ್‌ಟಿ 315. ಒಟ್ಟು 2,065. ಆ 50 ಸಾವಿರದ ಖರ್ಚಿಗೆ ಬಂದ ಪಾಯಿಂಟಿನ ಬೆಲೆ 700 ರೂಪಾಯಿಯೂ ಇಲ್ಲ. ಪೂರ್ತಿ ಬಿಲ್ ಕಟ್ಟೋಕೆ ಆಗದ ತಿಂಗಳು ಬಂದರೆ ಪಾಯಿಂಟ್ ಆಸೆ ಬಿಟ್ಟು ಮೊದಲು ಸಾಲ ತೀರಿಸಿ. ಸುಮ್ನೆ ಹೇಳುತ್ತಿಲ್ಲ, ಹತ್ತಿರದವರೊಬ್ಬರು ಕನಿಷ್ಠ ಮೊತ್ತ ಮಾತ್ರ ಕಟ್ಟುತ್ತಾ ಹೋಗಿ ಕೊನೆಗೆ ಬಂಗಾರ ಅಡವಿಟ್ಟರು.

'ನಿಮ್ಮ ಪಾಯಿಂಟ್ ಇವತ್ತೇ ಮುಗಿಯುತ್ತೆ, ಈ ಲಿಂಕ್ ಒತ್ತಿ' ಅಂತ ಮೆಸೇಜ್ ಬಂದರೆ ಮುಟ್ಟಬೇಡಿ. ಅದು ಮೋಸ. ಪಾಯಿಂಟಿಗೆ ಗಡುವು ಇರೋದು ನಿಜ, ಆದರೆ ಬ್ಯಾಂಕಿನ ಆ್ಯಪ್ ತೆರೆದು ನೀವೇ ನೋಡಿ. ಯಾರಾದರೂ ಸಿಕ್ಕಿಬಿದ್ದಿದ್ದರೆ ತಕ್ಷಣ ಸೈಬರ್ ಮೋಸದ ಸಹಾಯವಾಣಿ 1930ಕ್ಕೆ ಫೋನ್ ಮಾಡಿಸಿ.

ಟಿಕೆಟ್ ಮಾಡುವಾಗ ಅಪ್ಪ ಅಮ್ಮನ ಹೆಸರು ಆಧಾರ್‌ನಲ್ಲಿ ಇರುವ ಹಾಗೇ ಹಾಕಿ. ಮೊಣಕಾಲು ನೋವಿದ್ದರೆ ವೀಲ್‌ಚೇರ್ ಬೇಕು ಅಂತ ಆಗಲೇ ತಿಳಿಸಿ. ಡಿಸೆಂಬರ್, ಜನವರಿ ಬೇಡ. ಕಾಶಿಯಲ್ಲಿ ಮಂಜು ಬಿದ್ದು ವಿಮಾನ ಗಂಟೆಗಟ್ಟಲೆ ತಡ ಆಗುತ್ತೆ, ವಯಸ್ಸಾದವರು ಕೂತು ಕೂತು ಸುಸ್ತಾಗುತ್ತಾರೆ. ಫೆಬ್ರವರಿ ಕೊನೆಗೆ, ಮಧ್ಯಾಹ್ನದ ವಿಮಾನ ನೋಡಿ.